ಅರ್ಧ ಮುಖದ ಪರೀಕ್ಷೆ

ಕಳೆದ ಮಂಗಳವಾರ ನನ್ನ ಮುಖದ ಬಲಭಾಗಕ್ಕೆ ಮಾತ್ರ ಫೇಶಿಯಲ್ ಮಾಡಿಸಿಕೊಂಡೆ. ಎಡಭಾಗವನ್ನು ಹೋಲಿಕೆಗೆಂದು ಹಾಗೆಯೇ ಉಳಿಸಿಕೊಂಡೆ. ನಗಬೇಡಿ. ಅರ್ಧ ಹೊಲಕ್ಕೆ ಹಾಕಿ, ಇನ್ನರ್ಧಕ್ಕೆ ಹಾಕದೆ ನೋಡದಿದ್ದರೆ ಗೊಬ್ಬರದ ಗುಣ ತಿಳಿಯುವುದು ಹೇಗೆ?

ನನ್ನ ಸೊಸೆ ಶಶಿಕಲಾ ಅರಸೀಕೆರೆಯ ಬ್ಯೂಟಿ ಪಾರ್ಲರೊಂದರಲ್ಲಿ ಕೆಲಸ ಮಾಡುತ್ತಾಳೆ. ಹಳೇಬೀಡಿನ ನಮ್ಮ ಮನೆಯ ಬೀದಿ ಬದಿಯ ಕೋಣೆಯಲ್ಲಿ ಸ್ವಂತ ಪಾರ್ಲರ್ ತೆರೆಯಬೇಕೆಂಬುದು ಅವಳ ಆಸೆ. ಆ ಕೋಣೆಯಲ್ಲಿ ನನ್ನ ಪುಸ್ತಕಗಳಿವೆ. (ಶಾಲೆ ನನ್ನನ್ನು ಬೇಗನೆ ಬೀಳ್ಕೊಟ್ಟಿತು, ಉಳಿದದ್ದನ್ನು ಕಲಿಸಿದ್ದು ಆ ಕೋಣೆ.) ಯಂತ್ರವೊಂದು ಮುಖದ ಕೊಳೆ ಹೀರಿ ಚರ್ಮಕ್ಕೆ ನೀರುಣಿಸುತ್ತದೆ ಎಂಬ ಮಾತನ್ನು ನಂಬಿ ಕೋಣೆ ಬಿಟ್ಟುಕೊಡಬೇಕೇ? ಆಧಾರವೆಲ್ಲಿ?

"ನಿಮ್ಮ್ ಮುಖದ್ ಮೇಲೇ ತೋರಿಸ್ತೀನಿ ಬನ್ನಿ ಮಾವ," ಎಂದಳು.

ಒಪ್ಪಂದವಾಯಿತು. ವಿಷಯವರಿಯದ ಯಾರಾದರೂ ಸಂಜೆಯೊಳಗೆ ತಾವಾಗಿಯೇ ವ್ಯತ್ಯಾಸ ಗುರುತಿಸಿದರೆ ಕೋಣೆ ಅವಳದು. ಇಲ್ಲವಾದರೆ ಪುಸ್ತಕಗಳದು.

ಪಾರ್ಲರಿನ ರಜೆಯ ದಿನ, ಯಜಮಾನತಿಯ ಅನುಮತಿ ಪಡೆದು, ನನ್ನನ್ನು ಮಲಗಿಸಿದಳು. ಕೊಳೆ ಸಂಗ್ರಹಿಸುವ ಬಾಟಲಿಯನ್ನು ಮೊದಲು ನನ್ನ ಕಣ್ಣೆದುರೇ ತೊಳೆಸಿದೆ. ಪೆನ್ನಿನಂಥ ಸಾಧನವೊಂದು ಕೆನ್ನೆಯ ಮೇಲೆ ನೀರು ಬಿಡುತ್ತ, ಮರುಕ್ಷಣವೇ ಹೀರುತ್ತ ಸಾಗಿತು, ಎಳಗರು ನೆಕ್ಕಿದಂತೆ. ಬಳಿಕ ತಣ್ಣನೆಯ ಸೀರಮ್. ಬಾಟಲಿಯ ನೀರೋ, ಬೇಸಿಗೆಯ ಕೆರೆಯಂತಿತ್ತು.

"ಇದು ಯಾರ ಕೊಳೆ?"

"ಇಲ್ಲಿ ಇನ್ಯಾರ್ ಮುಖ ಐತೆ ಮಾವ?"

ಕೊಳೆಯನ್ನು ಒಪ್ಪಿದೆ. ಗುಣವನ್ನು ಒಪ್ಪಲಿಲ್ಲ.

ಸೊಸೆಯೊಂದಿಗೆ ಹಿಂದಿರುಗುವಾಗ ಬಸ್ಸಿನಲ್ಲಿ ಯಾರೊಬ್ಬರೂ ನನ್ನತ್ತ ಕಣ್ಣೆತ್ತಲಿಲ್ಲ. ಗೆದ್ದೆನೆಂದುಕೊಂಡೆ. ಹಳೇಬೀಡಿನಲ್ಲಿಳಿದು ದೇವಾಲಯದ ಮುಂದೆ ನಡೆಯುತ್ತಿದ್ದಾಗ ಎದುರಾದವನು ಗೈಡ್ ನಂಜುಂಡಪ್ಪ. ನಮ್ಮಿಬ್ಬರದು ಹಳೆಯ ವ್ಯಾಜ್ಯ. ಶಿಲ್ಪಗಳ ಕೆಲಸ ಪೂರ್ತಿಯಾಗದೆ ನಿಂತದ್ದೇಕೆಂದು ಪ್ರವಾಸಿಗರಿಗೆ ಅವನು ಒಂದೊಂದು ದಿನ ಒಂದೊಂದು ಕಾರಣ ಹೇಳುತ್ತಾನೆ. "ಕಂಡವರಾರು?" ಎಂದು ಅವರೆದುರೇ ನಾನು ಕೇಳುತ್ತೇನೆ.

ಅಂದು ಅವನೇ ಮಾತು ನಿಲ್ಲಿಸಿ ನನ್ನನ್ನು ದಿಟ್ಟಿಸಿದ.

"ಏನ್ ಸ್ವಾಮಿ ಇದು! ಬಲಗಡೆ ಪಾಲಿಶ್ ಆಗೈತೆ, ಎಡಗಡೆ ಕಲ್ಲು ಹಂಗೇ ಐತೆ! ಯಾವ್ ಶಿಲ್ಪಿ ಕೈಗ್ ಸಿಕ್ಕಿದ್ರಿ? ಅರ್ಧಕ್ಕೇ ಬಿಟ್ಟು ಓಡೋಗವ್ನಲ್ಲ!"

ಪ್ರವಾಸಿಗರು ನಕ್ಕರು. ಒಬ್ಬಾತ ಮೊಬೈಲ್ ಎತ್ತಿ ಫೋಟೊ ತೆಗೆದ. ಬೆನ್ನ ಹಿಂದಿನಿಂದ ಶಶಿಕಲಾ ಮೆಲ್ಲಗೆ, "ಕೇಳಿಸ್ತಾ ಮಾವ?" ಎಂದಳು.

ಕೇಳಿಸಿತು. ನನ್ನನ್ನು ಮೆಚ್ಚಿಸುವ ಯಾವ ಉದ್ದೇಶವೂ ಇಲ್ಲದ ಸಾಕ್ಷಿ. ತಳ್ಳಿಹಾಕುವುದು ಹೇಗೆ?

"ಎಡಗಡೆಯದನ್ನೂ ಮಾಡಿಬಿಡಮ್ಮ," ಎಂದೆ.

"ಮಾಡ್ತೀನಿ ಮಾವ, ನಮ್ಮ್ ಪಾರ್ಲರ್‌ನಾಗೇ. ಮೊದ್ಲು ಪುಸ್ತಕ ಎತ್ತಿ."

ಎತ್ತುತ್ತಿದ್ದೇನೆ. (ಎತ್ತಿದ ಪ್ರತಿಯೊಂದನ್ನೂ ಒಮ್ಮೆ ತಿರುವಿ ನೋಡಬೇಡವೇ?) ಅಲ್ಲಿಯವರೆಗೆ ಅರ್ಧ ಮುಖದಲ್ಲೇ ಓಡಾಟ. "ಕೆಲ್ಸ ಯಾಕ್ ನಿಂತೈತೆ ಸ್ವಾಮಿ?" ಎಂದು ನಂಜುಂಡಪ್ಪ ದಿನವೂ ಕೇಳುತ್ತಾನೆ. ಈಗ ಕಾರಣ ಹೇಳಲಾರದವನು ನಾನು.

ಅಲ್ಲ, ಹಳೇಬೀಡಿನ ಆ ಶಿಲ್ಪಿಗಳೂ ಯಾವನೋ ಹಟಮಾರಿ ಮಾವ ಕೋಣೆ ಖಾಲಿ ಮಾಡಲೆಂದೇ ಕಾದು ಕುಳಿತಿದ್ದರೇ?