ಎರಡು ತಿಂಗಳು ತಡವಾದ ಪರೀಕ್ಷೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಸರಕಾರಿ ಪ್ರಯೋಗಾಲಯಗಳಲ್ಲಿ ಮೂವತ್ತಮೂರು ವರ್ಷ ಸೂಕ್ಷ್ಮದರ್ಶಕದ ಮುಂದೆ ಕುಳಿತು ದುಡಿದ ಶ್ರೀಮತಿ ನುಜಹತ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರ ಕೈಕೆಳಗೆ ಕೆಲಸ ಕಲಿತ ನಾವು ಅಭಿನಂದನ ಗ್ರಂಥದ ಮಾತೆತ್ತಿದಾಗ ಅವರು ಹಾಕಿದ್ದು ಒಂದೇ ಷರತ್ತು: ಮಾಸೂರಿನ ಭಾಗ್ಯಶ್ರೀಯ ಸಂಗತಿಯನ್ನು ಬಿಡದೆ ಬರೆಯಬೇಕು.

ಶಿಗ್ಗಾವಿಯಲ್ಲಿ ಸೇವೆ ಆರಂಭಿಸಿದ ಅವರು, ಮುಂದೆ ಅಕ್ಕಿಆಲೂರಿನಲ್ಲಿದ್ದಾಗ, ಸಂತೆಗೆ ಬಂದ ರೋಗಿಗಳಿಗೆ ಊರಿನ ಬಸ್ಸು ತಪ್ಪಬಾರದೆಂದು ಊಟ ಬಿಟ್ಟು ವರದಿ ಬರೆದುಕೊಟ್ಟವರು. ಅಲ್ಲಿಂದ ವರ್ಗವಾಗಿ ಹೋದ ಹಿರೇಕೆರೂರಿನ ಆಸ್ಪತ್ರೆಯಲ್ಲಿ, ಹನ್ನೊಂದು ವರ್ಷಗಳ ಹಿಂದೆ, ಆರು ವರ್ಷದ ಭಾಗ್ಯಶ್ರೀಯ ಎಡಗಿವಿಯ ಕೀವು ಅವರ ಮೇಜಿಗೆ ಬಂತು. ಗದ್ದೆಗೆಲಸ ಬಿಟ್ಟು ಬಂದಿದ್ದ ತಾಯಿ ಯಂಕವ್ವ, "ನೋವು ಇಲ್ರಿ ಅಕ್ಕಾರ, ಬರೇ ಸೋರತೈತಿ. ಮೂರು ಸಲ ಔಷಧ ಬದಲಿ ಮಾಡಿದ್ರು" ಎಂದಳು. ಮಗುವಿನ ಕುತ್ತಿಗೆಯಲ್ಲೊಂದು ಗಂಟೂ ಇತ್ತು. ನೋವಿಲ್ಲದೆ ಸೋರುವ ಕಿವಿಗೆ ಅಪರೂಪಕ್ಕೆ ಕ್ಷಯದ ಜೀವಾಣು ಕಾರಣವಾಗಿರುತ್ತದೆಂದು ತರಬೇತಿಯಲ್ಲಿ ಕೇಳಿದ್ದು ನುಜಹತ ಅವರಿಗೆ ನೆನಪಾಯಿತು. ಆದರೆ ವೈದ್ಯರ ಚೀಟಿಯಲ್ಲಿದ್ದದ್ದು ಸಾಮಾನ್ಯ ಪರೀಕ್ಷೆ ಮಾತ್ರ. ವೈದ್ಯರು ಹಿರಿಯರು, ಕೆಳಗಿನವರು ಪ್ರಶ್ನೆ ಕೇಳಿದರೆ ಮುಖ ಗಂಟಿಕ್ಕುವವರು. ನುಜಹತ ಅವರು ಕೇಳಲಿಲ್ಲ. ಬರೆದಷ್ಟನ್ನು ಮಾಡಿ ವರದಿ ಕೊಟ್ಟರು.

ಎರಡು ತಿಂಗಳ ನಂತರ ಮಗು ಮತ್ತೆ ಬಂದಾಗ ರೋಗ ಮುಖದ ನರಕ್ಕೂ ತಟ್ಟಿ ಅದರ ಬಾಯಿ ಒಂದು ಕಡೆಗೆ ವಾಲಿತ್ತು. ಅಂದು ಯಾರೂ ಹೇಳದಿದ್ದರೂ ನುಜಹತ ಅವರು ಕೀವಿಗೆ, ಕ್ಷಯದ ಜೀವಾಣುವನ್ನು ಕೆಂಪಗೆ ತೋರಿಸುವ ಬಣ್ಣ ಹಾಕಿ ನೋಡಿದರು. ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳು ಕಂಡವು. ವರದಿ ಹಿಡಿದು ತಾವೇ ವೈದ್ಯರ ಎದುರು ಹೋಗಿ ನಿಂತರು. ಹುಬ್ಬಳ್ಳಿಗೆ ಕಳಿಸಿ ಮಾಡಿಸಿದ ಪರೀಕ್ಷೆಯೂ ಅದನ್ನೇ ಹೇಳಿತು. ತಿಂಗಳುಗಟ್ಟಲೆ ಔಷಧ ಕೊಟ್ಟ ಮೇಲೆ ಕೀವು ನಿಂತಿತು, ಬಾಯಿ ನೆಟ್ಟಗಾಯಿತು. ಎಡಗಿವಿಗೆ ಕೇಳಿಸುವುದು ಮಾತ್ರ ಮರಳಿ ಬರಲಿಲ್ಲ.

ಆಮೇಲೊಂದು ಭಾನುವಾರ ಅವರು ಮಾಸೂರಿಗೆ ಹೋಗಿ ಯಂಕವ್ವನ ಮುಂದೆ ಕುಳಿತರು. "ಮೊದಲನೇ ದಿನಾನ ನನಗ ಅನುಮಾನ ಬಂದಿತ್ತವಾ. ಕೇಳಬೇಕಿತ್ತು, ಕೇಳಲಿಲ್ಲ" ಎಂದರು.

ಯಂಕವ್ವ ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. "ಈ ಬಲಗಡೆ ಬಂದು ಮಾತಾಡಿಸ್ರಿ ಅಕೀನ. ಆ ಕಡೆ ಕೇಳಂಗಿಲ್ಲ" ಎಂದಳು.

ವಾರಗಟ್ಟಲೆ ಸೋರುವ ಯಾವ ಮಗುವಿನ ಕಿವಿಯ ಕೀವನ್ನೂ ಅಂದಿನಿಂದ ಅವರು ಆ ಬಣ್ಣ ಹಾಕದೆ ಬಿಟ್ಟಿಲ್ಲ. ಸವಣೂರಿನ ರಮೀಜನ ಕಿವಿಯೂ ಹಂಸಭಾವಿಯ ಇನ್ನೊಂದು ಮಗುವಿನ ಕಿವಿಯೂ ಹೀಗೆ ಉಳಿದವು. ಇದನ್ನು ನಾವು ಸಾಧನೆಯೆಂದರೆ, ಅದರಿಂದ ಭಾಗ್ಯಶ್ರೀಗೆ ಏನು ಬಂತು ಎಂದು ಅವರು ಕೇಳುತ್ತಾರೆ.

ನಿವೃತ್ತಿಯ ನಂತರವೂ ಹೊಸಬರಿಗೆ ಕಲಿಸಲು ಅವರು ಒಪ್ಪಿದ್ದಾರೆ. ಅವರ ಕಣ್ಣು ಮಸುಕಾಗದಿರಲಿ, ಆಯುಷ್ಯ ನೂರು ತುಂಬಲಿ. ಅನುಮಾನ ಬಂದ ದಿನವೇ ಹಿರಿಯರ ಎದುರು ಬಾಯಿಬಿಡುವವರು ಅವರ ಕೈಯಲ್ಲಿ ತಯಾರಾಗಲಿ.