ಅತ್ತೆಯ ಕಣ್ಣಿಗೂ ಬೆಣ್ಣೆ

ಇವತ್ತು ಬೆಳಿಗ್ಗೆ ಬೆಣ್ಣೆ ಕಾಯಿಸುತ್ತಿದ್ದೆ. ನುಗ್ಗೆಸೊಪ್ಪು ಹಾಕಿದೊಡನೆ ಮನೆಯೆಲ್ಲ ಘಮ್ಮೆಂದಿತು. ನಡುಮನೆಯಲ್ಲಿ ಮೊಮ್ಮಗಳು ಪಾಠ ಒಪ್ಪಿಸುತ್ತಿದ್ದಳು. ಮೈಯಲ್ಲಿ ಕೊಬ್ಬು ಒಂದೇ ಬಗೆಯದಲ್ಲವಂತೆ. ಒಂದು ಬಗೆ ಹಸಿವಿನ ದಿನಕ್ಕೆ ಕೂಡಿಟ್ಟ ಬುತ್ತಿ, ಇನ್ನೊಂದು ಜೀವಕೋಶಕ್ಕೆ ಪೊರೆ. ಹೆಸರು ಕೇಳಿದರೇ ನಾನು ಹೆದರುವ ಕೊಲೆಸ್ಟ್ರಾಲ್ ಕೂಡ ಮೈಗೆ ಸ್ವಲ್ಪ ಬೇಕೇ ಬೇಕಂತೆ. ಕೆಲವು ವಿಟಮಿನ್ನುಗಳು ಜಿಡ್ಡಿನ ಜೊತೆಯಿಲ್ಲದೆ ಮೈಗೆ ಹತ್ತುವುದೇ ಇಲ್ಲವಂತೆ. ಆ ಮಾತು ಕಿವಿಗೆ ಬಿದ್ದದ್ದೇ ನನ್ನ ಕೈ ನಿಂತುಬಿಟ್ಟಿತು. ನೋಡಿ, ಇದೊಂದನ್ನು ನಾನು ಪುಸ್ತಕವಿಲ್ಲದೆ ಕಲಿತವಳು.

ಎರಡನೆಯ ಮಹಾಯುದ್ಧದ ಕಾಲ. ಮದ್ದೂರು ಸೀಮೆಯ ಕೊಪ್ಪದ ಮನೆಗೆ ಸೊಸೆಯಾಗಿ ಬಂದ ನಾನು ಚೊಚ್ಚಲ ಮಗಳನ್ನು ಹೆತ್ತಿದ್ದೆ. ಕರೆಯುವ ಎಮ್ಮೆ ಒಂದೇ. ಬೆಣ್ಣೆಯಲ್ಲಿ ಬಹುಪಾಲು ಮದ್ದೂರಿನ ಹೋಟೆಲಿಗೆ ಹೋಗುತ್ತಿತ್ತು. ಉಳಿದ ತುಪ್ಪವನ್ನೆಲ್ಲ ಅತ್ತೆ ನನ್ನ ತಟ್ಟೆಗೇ ಸುರಿಯುತ್ತಿದ್ದರು. “ನಿಮ್ಗೆ?” ಎಂದರೆ, “ಬಾಣಂತಿ ನೀನು, ತಿನ್ನವ್ವ. ಈ ಮುದಿ ಮೂಳೆಗ್ಯಾಕೆ ತುಪ್ಪ?” ಎಂದು ಒಲೆಯ ಕಡೆ ತಿರುಗಿಬಿಡುತ್ತಿದ್ದರು. ತಮ್ಮ ಪಾಲಿನ ಸೊಪ್ಪಿಗೆ ಒಗ್ಗರಣೆಯ ಎಣ್ಣೆಯನ್ನೂ ಸೋಕಿಸುತ್ತಿರಲಿಲ್ಲ. ನಾನೋ, ಎಳ್ಳೆಣ್ಣೆ ಹರಳೆಣ್ಣೆಗಳ ವಾಸನೆಯಲ್ಲಿ, ಬಾಣಂತನದ ಮಂಪರಿನಲ್ಲಿ ತೇಲುತ್ತಿದ್ದೆ. ದುಂಡಗಾಗುತ್ತಿರುವುದು ಕೂಸೋ ತಾಯಿಯೋ ಎಂದು ನೆರೆಯವರು ನಗುತ್ತಿದ್ದರು.

ಆಗ ಸೀಮೆಎಣ್ಣೆಗೆ ಬರ. ಹೊತ್ತು ಮುಳುಗಿದರೆ ಊರೇ ತಡವರಿಸಿಕೊಂಡು ನಡೆಯುತ್ತಿತ್ತು. ಅತ್ತೆ ಗೋಡೆ ಹಿಡಿದು ಓಡಾಡುವುದು ಹಾಗಾಗಿ ಯಾರಿಗೂ ವಿಶೇಷವೆನಿಸಲಿಲ್ಲ.

ಒಂದು ಸಂಜೆ ಅವರು ಮಗುವನ್ನೆತ್ತಿಕೊಂಡು ಕಬ್ಬಿನ ಗದ್ದೆಯ ಬದುವಿನ ಮೇಲೆ ಬರುತ್ತಿದ್ದರು. ಬಾನಿನಲ್ಲಿ ಇನ್ನೂ ಕೆಂಪಿತ್ತು, ನಾಲೆಯ ನೀರಿನಲ್ಲೂ ಕೆಂಪಿತ್ತು. ನಿದ್ದೆಯಲ್ಲಿ ನಡೆಯುವವರಂತೆ ಅತ್ತೆ ಬದು ಬಿಟ್ಟು ನೇರ ನಾಲೆಯತ್ತ ಹೆಜ್ಜೆ ಹಾಕಿದರು. ಹಿಂದೆ ಬರುತ್ತಿದ್ದ ನಾನು ಕಿರುಚಿಕೊಂಡು ಓಡಿದೆ. ಸೆರಗು ಹಿಡಿದೆಳೆದಾಗ ಅವರ ಒಂದು ಕಾಲು ನೀರಿಗಿಳಿದಿತ್ತು.

“ಕಾಣಾಕಿಲ್ಲ ಕಣವ್ವ,” ಎಂದರು, ಮಗುವನ್ನು ನನ್ನ ಕೈಗಿಟ್ಟು. “ಒತ್ತು ಮುಳುಗುದ್ರೆ ಏನೂ ಕಾಣಾಕಿಲ್ಲ. ಗೊತ್ತಾದ್ರೆ ಮೊಗಾನ ನನ್ ಕೈಗೆ ಕೊಡಾಕಿಲ್ಲ ಅಂತ ಸುಮ್ಕಿದ್ದೆ.”

ಮಾರನೆಯ ದಿನ ಗಾಡಿ ಕಟ್ಟಿಸಿ ಮದ್ದೂರಿನ ಡಾಕ್ಟರ ಬಳಿ ಕರೆದೊಯ್ದೆವು. ಅವರು ಅತ್ತೆಯ ಊಟವನ್ನೆಲ್ಲ ವಿಚಾರಿಸಿ, “ಕಣ್ಣಿಗೆ ಬೇಕಾದ್ದು ಸೊಪ್ಪಿನಲ್ಲೇ ಇದೆ ತಾಯಿ. ಜಿಡ್ಡು ಸೇರದಿದ್ದರೆ ಅದು ಮೈಗೆ ಹತ್ತೋದಿಲ್ಲ. ಮನೆಯವರ ಕಣ್ಣಿಗೆಲ್ಲ ಬೆಣ್ಣೆ ಇಟ್ಟು ನಿಮ್ಮ ಕಣ್ಣಿಗೆ ಸುಣ್ಣ ಇಟ್ಕೊಂಡಿದ್ದೀರಲ್ಲ!” ಎಂದರು. ಒಂದು ಸೀಸೆ ಮೀನೆಣ್ಣೆಯನ್ನೂ ಕೊಟ್ಟರು.

ಮೀನೆಣ್ಣೆಯನ್ನು ಅತ್ತೆ ಮೂಗು ಮುಚ್ಚಿಕೊಂಡು ಕುಡಿದರು. ತುಪ್ಪ ಮಾತ್ರ ಒಲ್ಲೆ ಎಂದರು. ನಾನು ತಟ್ಟೆ ದೂಡಿ ಕುಳಿತೆ.

“ನೀವು ತಿನ್ನದಿದ್ರೆ ನಾನೂ ತಿನ್ನಾಕಿಲ್ಲ.”

“ಮೊಗೀಗೆ ಹಾಲು ಸಾಲಾಕಿಲ್ಲ ಕಣಮ್ಮಿ!”

“ಅಂಗಾದ್ರೆ ಬನ್ನಿ ಅತ್ತೆ, ಒಂದೇ ತಟ್ಟೇಲಿ ಉಣ್ಣಾನ.”

ಅವರು ಬೈದರು, ಕಣ್ಣೊರೆಸಿಕೊಂಡರು, ಕೊನೆಗೆ ಕುಳಿತರು.

ವಾರಗಳು ಕಳೆದವು. ಒಂದು ಮುಸ್ಸಂಜೆ ಜಗಲಿಯ ಮೇಲೆ ಮಗುವಿಗೆ ಹಾಲೂಡುತ್ತಿದ್ದೆ. ಎದುರು ಕುಳಿತಿದ್ದ ಅತ್ತೆ ನನ್ನನ್ನೇ ದಿಟ್ಟಿಸಿ, “ಲೇ, ಮೂಗುಬೊಟ್ಟು ಎಲ್ಲಮ್ಮಿ? ಬೀಳಿಸ್ಕಂಡ್ಯಾ?” ಎಂದು ಗದರಿದರು. ಮೂಗು ಮುಟ್ಟಿಕೊಂಡೆ; ನಿಜವಾಗಿಯೂ ಇರಲಿಲ್ಲ. ಕಳೆದುಕೊಂಡ ಚಿಂತೆ ಆಮೇಲೆ ಬಂತು. ಮೊದಲು ಇಬ್ಬರೂ ಕೈ ಕೈ ಹಿಡಿದು ನಕ್ಕೆವು, ನಗುತ್ತ ನಗುತ್ತಲೇ ಅತ್ತೆವು.

ಇವತ್ತು ಮಧ್ಯಾಹ್ನ ನನ್ನ ಸೊಸೆ ಎಲ್ಲರಿಗೂ ಬಡಿಸಿ, ತಾನು ಅಡುಗೆಮನೆಯಲ್ಲಿ ನಿಂತೇ ತಳದ ಅನ್ನ ಬಳಿದುಕೊಳ್ಳುತ್ತಿದ್ದಳು. ದಿನವೂ ಎದುರಿಗಿದ್ದದ್ದೇ, ಇವತ್ತು ಕಂಡಿತು. ಎದ್ದುಹೋಗಿ ಅವಳ ತೋಳು ಹಿಡಿದೆ. “ಬಾರವ್ವ, ಕೂತ್ಕೊ. ನಾನು ಬಡುಸ್ತೀನಿ.”