ರಹಮತ್ ಸರ್ ದನಿಯಲ್ಲಿ ಹಿಟ್ಟೈಟರ ಪಾಠ

ಮೊದಲು ನನ್ನ ಪೆದ್ದುತನವನ್ನು ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವು ಕಂಡುಹಿಡಿದು ಹೇಳುವ ಕಷ್ಟ ಬೇಡ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ನಾನು ರಹಮತ್ ಸರ್ ದನಿಯಲ್ಲಿ ಅವರ ಹೆಂಡತಿಗೇ ಫೋನ್ ಮಾಡಿದೆ. 'ಬೆಂಗಳೂರಿಂದ ಮಾತಾಡ್ತಿದ್ದೀನಿ, ನನ್ನ ಫೋನಲ್ಲಿ ಚಾರ್ಜಿಲ್ಲ, ಯಾರದೋ ಫೋನು. ಮಹಡೀಲಿ ಮಕ್ಕಳು ಓದ್ತಾ ಕೂತಿರ್ತಾರೆ, ಟೀ ಬೋಂಡ ಕಳಿಸು' ಎಂದೆ. ಅವರು 'ಆಯ್ತು ಜೀ' ಎಂದರು. ಟೀ ಬಂತು, ಬೋಂಡ ಬಂತು, ಹನ್ನೊಂದು ಜನ ತಿಂದೆವು. ನನಗೆ ಗೊತ್ತಿಲ್ಲದಿದ್ದ ಸಂಗತಿ ಏನೆಂದರೆ, ಸರ್ ಗಂಟಲಿನ ಆಪರೇಷನ್ ಮುಗಿಸಿಕೊಂಡು ಹಿಂದಿನ ರಾತ್ರಿಯೇ ಊರಿಗೆ ಬಂದಿದ್ದರು. ಒಂದು ತಿಂಗಳು ಪಿಟ್ಟೆನ್ನಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನಾನು ಅವರ ದನಿಯಲ್ಲಿ ಬೋಂಡ ಕೇಳುತ್ತಿದ್ದ ಹೊತ್ತಿಗೆ ಅವರು ಕೆಳಗಿನ ಮನೆಯಲ್ಲಿ, ಹೆಂಡತಿಯ ಎದುರಿಗೇ ಕೂತು ಗಂಜಿ ಕುಡಿಯುತ್ತಿದ್ದರು.

ಇನ್ನೊಂದನ್ನೂ ಹೇಳಿಬಿಡಬೇಕು. ದೆವ್ವ, ಗಾಳಿ, ಮೈಮೇಲೆ ಬರುವುದು, ಇವು ಯಾವುದನ್ನೂ ನಾನು ನಂಬಿದವನಲ್ಲ. ಅದಕ್ಕೆ ಕಾರಣ ವಿಜ್ಞಾನವೇನಲ್ಲ. ನಮ್ಮೂರಿನ ಹುಣಸೆ ತೋಪಿನಲ್ಲಿ ಯಾವುದೋ ಹೆಂಗಸು ಅಳುತ್ತಾಳೆ ಎಂದು ಎರಡು ವರ್ಷ ಸುದ್ದಿಯಾಗಿತ್ತು. ಆ ಹೆಂಗಸು ನಾನೇ. ಚಿಕ್ಕಂದಿನಿಂದ ಯಾರ ದನಿ ಕೇಳಿದರೂ ಸಂಜೆಯೊಳಗೆ ಅದು ನನ್ನ ಬಾಯಲ್ಲಿ ಇರುತ್ತಿತ್ತು. ಹೆಡ್‌ಮಾಸ್ಟರು, ಚಿಂತಾಮಣಿ ಬಸ್ಸಿನ ಕಂಡಕ್ಟರು, ಟೊಮೇಟೊ ಮಂಡಿಯಲ್ಲಿ ಹರಾಜು ಕೂಗುವವರು, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಇದ್ದರು. ನಿನ್ನ ಸ್ವಂತ ದನಿ ಯಾವುದಪ್ಪ ಎಂದು ಕೇಳಿದರೆ ಮಾತ್ರ ನಾನು ಸ್ವಲ್ಪ ಯೋಚಿಸಬೇಕಾಗುತ್ತಿತ್ತು.

ರಹಮತ್ ಸರ್ ಶಿಡ್ಲಘಟ್ಟದವರು. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದ ಮೇಲೆ, ತಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವವರಿಗೆ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಪ್ರಪಂಚದ ಇತಿಹಾಸ ಹೇಳುತ್ತಿದ್ದರು. ಆ ದನಿಯನ್ನು ನೀವು ಕೇಳಬೇಕಿತ್ತು. ಕಲ್ಲಿನ ಮೇಲೆ ಕಬ್ಬಿಣದ ಪೆಟ್ಟಿಗೆ ಎಳೆದ ಹಾಗೆ. ಅವರು ಮೇಲೆ ಈಜಿಪ್ಟ್ ಶುರು ಮಾಡಿದರೆ ಮೂರು ಬೀದಿಯಾಚೆ ರೇಷ್ಮೆ ನೂಲು ಬಿಚ್ಚುವವರಿಗೂ ಈಜಿಪ್ಟ್ ಗೊತ್ತಾಗುತ್ತಿತ್ತು. ಪ್ರತಿ ಸಾಮ್ರಾಜ್ಯವನ್ನೂ 'ಎದ್ರಪ್ಪ' ಎಂದು ಶುರು ಮಾಡುವರು, ಬೋರ್ಡಿನ ಮೇಲೆ ಗುಡ್ಡದ ಹಾಗೆ ಒಂದು ಗೆರೆ ಏರಿಸುವರು. ಗೆರೆ ಆ ಕಡೆ ಇಳಿದು ನೆಲ ಮುಟ್ಟಿದಾಗ 'ಬಿದ್ರಪ್ಪ' ಎಂದು ಡಸ್ಟರಿನಿಂದ ಒರೆಸಿಬಿಡುವರು. ಹೀಗೆ ಎಂಟು ತಿಂಗಳಲ್ಲಿ ಎಷ್ಟೋ ಚಕ್ರವರ್ತಿಗಳು ನಮ್ಮ ಕಣ್ಣೆದುರೇ ಸೀಮೆಸುಣ್ಣದ ಪುಡಿಯಾಗಿದ್ದರು. ನಾನಂತೂ ಓದಿದ್ದಕ್ಕಿಂತ ಆ 'ಎದ್ರಪ್ಪ, ಬಿದ್ರಪ್ಪ' ಅಭ್ಯಾಸ ಮಾಡಿದ್ದೇ ಹೆಚ್ಚು.

ಬೋಂಡ ತಿಂದ ಸಂಜೆಯೇ ಕೆಳಗಿನಿಂದ ಕರೆ ಬಂತು. ಸರ್ ಮಂಚದ ಮೇಲೆ ಕೂತಿದ್ದರು, ಕತ್ತಿಗೆ ಮಫ್ಲರ್. ಅವರ ಹೆಂಡತಿಯನ್ನು ನಾವೆಲ್ಲ ಖಾಲಾ ಎನ್ನುತ್ತಿದ್ದೆವು. ಖಾಲಾ ನನ್ನನ್ನು ನೋಡಿದ್ದೇ, "ಏನ್ ಬೇಟಾ ನೀನು, ಗಂಡ ಎದುರಿಗೆ ಕೂತವ್ರೆ, ಫೋನಲ್ಲೂ ಗಂಡ. ಯಾರ ಮಾತು ಕೇಳ್ಲಿ ಅಂತ ಒಂದು ನಿಮಿಷ ತಲೆ ಕೆಟ್ಟೋಯ್ತು" ಎಂದರು. ಸರ್ ಒಂದು ಚೀಟಿ ಬರೆದು ನನ್ನ ಕೈಗಿಟ್ಟರು. 'ಬೋಂಡ ಚೆನ್ನಾಗಿತ್ತಾ?' ನಾನು ತಲೆ ತಗ್ಗಿಸಿದೆ. ಎರಡನೆಯ ಚೀಟಿ ಬಂತು. 'ನಾಳೆಯಿಂದ ನೀನೇ ನನ್ನ ಗಂಟಲು.'

ಆಗ ಖಾಲಾ ವಿಷಯ ಬಿಡಿಸಿ ಹೇಳಿದರು. ದನಿ ವಾಪಸ್ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದಿದ್ದಾರಂತೆ ಡಾಕ್ಟರು. ಪರೀಕ್ಷೆಗೆ ಎರಡು ತಿಂಗಳಿತ್ತು. ಮೊಬೈಲಿನಲ್ಲಿ ಬರುವ ಪಾಠಗಳಿಗೆ ಆಗಲೇ ಅರ್ಧ ಕ್ಲಾಸು ಹೊರಟುಹೋಗಿ ಹನ್ನೊಂದು ಜನ ಉಳಿದಿದ್ದೆವು. ಒಂದು ತಿಂಗಳು ಬಾಗಿಲು ಹಾಕಿದರೆ ಮತ್ತೆ ತೆಗೆಯುವ ಮಾತಿಲ್ಲ. "ಮಾತಿಲ್ದೆ ಇದ್ರೂ ಇರ್ತಾರೆ, ಕ್ಲಾಸಿಲ್ದೆ ಇರಲ್ಲ ಇವರು" ಎಂದರು ಖಾಲಾ. ಸರ್ ಮಫ್ಲರು ಸರಿಮಾಡಿಕೊಂಡು ಗೋಡೆ ನೋಡಿದರು. ಜೀವನದಲ್ಲಿ ಮೊದಲ ಸಲ ನನಗೆ ಒಬ್ಬರನ್ನು ನೋಡಿ ಅಣಕಿಸಬೇಕು ಅನ್ನಿಸಲಿಲ್ಲ.

ಸುಮ್ಮನೆ ಓದಿ ಹೇಳುವುದಕ್ಕಾದರೆ ಮುರುಗಮಲ್ಲದ ಕಡೆಯಿಂದ ಬರುತ್ತಿದ್ದ ವನಜಾ ಇದ್ದಳು. ಕ್ಲಾಸಿನಲ್ಲಿ ನಿಜವಾಗಿ ಓದುತ್ತಿದ್ದವಳು ಅವಳೊಬ್ಬಳೇ. ವಯಸ್ಸಿನ ಮಿತಿ ಮುಗಿಯುತ್ತಿದ್ದರಿಂದ ಅದು ಅವಳ ಕೊನೆಯ ಪರೀಕ್ಷೆ ಬೇರೆ. ಆದರೆ ವನಜಾ ಓದಿದರೆ ರೋಮ್ ಬೀಳುವ ಮೊದಲೇ ನಾವು ಹತ್ತು ಜನ ಬೆಂಚಿನ ಮೇಲೆ ಬಿದ್ದಿರುತ್ತಿದ್ದೆವು. ಹಾಗಾಗಿ ಕೆಲಸ ನನ್ನ ಪಾಲಿಗೆ ಬಂತು. ಸರ್ ಕುರ್ಚಿಯಲ್ಲಿ ಕೂತು ನಾಲ್ಕು ಸಾಲಿನ ಚೀಟಿ ಬರೆದು ಕೊಡುವರು, ನಾನು ಬೋರ್ಡಿನ ಮುಂದೆ ನಿಂತು ಅದನ್ನು ಅವರ ದನಿಯಲ್ಲಿ, ಅವರ ಕೆಮ್ಮು, ಅವರ ಬೈಗುಳ ಎಲ್ಲ ಸೇರಿಸಿ ಹೇಳುವೆ. ಮೊದಲ ದಿನ ಎಲ್ಲರೂ ನಕ್ಕರು. ಮೂರನೆಯ ದಿನ ಯಾರೋ ನನಗೇ ಎದ್ದು ನಿಂತು ನಮಸ್ಕಾರ ಮಾಡಿದರು. ನನಗೆ ಎಷ್ಟು ಕೊಬ್ಬು ಬಂತೆಂದರೆ, ಚೀಟಿಯಲ್ಲಿ ಇಲ್ಲದಿದ್ದರೂ ವನಜಾಳಿಗೆ, "ಏನಮ್ಮಾ, ಬರಿ ಬರಿ, ಬೈಜಾಂಟಿಯಮ್ ನಿಮ್ಮಪ್ಪನ ಮನೆ ಆಸ್ತೀನಾ, ಮುಖಾನೇ ನೋಡ್ತಿದ್ದೀಯ?" ಎಂದುಬಿಟ್ಟೆ. ಅವಳು ತಲೆ ಎತ್ತದೆ, "ಸರ್, ನಿಮ್ ಪ್ಯಾಂಟ್ ಜಿಪ್ಪು" ಎಂದಳು. ಜಿಪ್ಪು ಸರಿಯಾಗೇ ಇತ್ತು. ಆದರೆ ಆ ದಿನದ ಸಾಮ್ರಾಜ್ಯ ಅಲ್ಲಿಗೇ ಬಿತ್ತು.

ಒಂಬತ್ತನೆಯ ದಿನ ಆ ಘಟನೆ ನಡೆಯಿತು. ಅದು ಬೆಳಿಗ್ಗೆ ಎಂಟು ಗಂಟೆ, ಕಿಟಕಿಯಿಂದ ಬಿಸಿಲು ನೇರವಾಗಿ ಬೋರ್ಡಿನ ಮೇಲೆ ಬಿದ್ದಿತ್ತು. ಹೆದರುವಂಥದ್ದು ಏನೂ ಇರಲಿಲ್ಲ. ಸರ್ ಕೊಟ್ಟ ಚೀಟಿಯಲ್ಲಿ ಒಂದೇ ಪದ ಇತ್ತು. 'ಹಿಟ್ಟೈಟರು.' ಮುಂದೆ ಬರೆಯುವಷ್ಟರಲ್ಲಿ ಅವರ ಪೆನ್ನಿನ ಇಂಕು ಮುಗಿದು, ಅವರು ಜೇಬಿನಲ್ಲಿ ಬೇರೆ ಪೆನ್ನು ಹುಡುಕತೊಡಗಿದರು. ಆ ಹೆಸರನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಪೆನ್ನು ಸಿಗುವವರೆಗೆ ಮುದ್ದೆ, ಬಸ್ಸಾರು ಎಂದು ಏನಾದರೂ ತಮಾಷೆ ಮಾಡಿ ಕಾಲ ತಳ್ಳೋಣ ಎಂದುಕೊಂಡು ಸರ್ ದನಿಯಲ್ಲಿ 'ಎದ್ರಪ್ಪ' ಎಂದೆ.

ಅಲ್ಲಿಂದ ಮುಂದೆ ನಾನು ಮಾತಾಡಲಿಲ್ಲ. ಇದನ್ನು ಹೇಗೆ ಬರೆಯಬೇಕೋ ತಿಳಿಯದು. ನನ್ನ ಬಾಯಿ ಮಾತಾಡುತ್ತಿತ್ತು, ನಾನು ಉಳಿದ ಹತ್ತು ಜನರ ಹಾಗೆ ಕೇಳಿಸಿಕೊಳ್ಳುತ್ತಿದ್ದೆ. ಈಗಿನ ಟರ್ಕಿಯ ಎತ್ತರದ ಬಯಲಿನಲ್ಲಿ ಹತ್ತುಸ ಎಂಬ ರಾಜಧಾನಿ ಕಟ್ಟಿದರು, ಬ್ಯಾಬಿಲೋನಿನವರೆಗೆ ದಂಡೆತ್ತಿ ಹೋದರು, ಈಜಿಪ್ಟಿನ ಜೊತೆ ಕಾದಾಡಿ ಯಾರೂ ಗೆಲ್ಲದೆ ಕೊನೆಗೆ ಶಾಂತಿ ಒಪ್ಪಂದ ಬರೆದುಕೊಂಡರು, ಇದರ ನಡುವೆ ದೇಶಕ್ಕೆ ಸಾಂಕ್ರಾಮಿಕ ರೋಗ ಹೊಕ್ಕು ವರ್ಷಗಟ್ಟಲೆ ಬಿಡಲಿಲ್ಲ. ಗೆರೆ ತಾನಾಗಿ ಏರಿತು, ಇಳಿಯಿತು. ಅಷ್ಟರಲ್ಲಿ ಖಾಲಾ ಟೀ ತಟ್ಟೆ ಹಿಡಿದು ಒಳಗೆ ಬಂದರು. ನಾನು ಒಲೆಯಿಂದ ಆಗಷ್ಟೇ ಇಳಿಸಿದ ಟೀ ಇದ್ದ ಸ್ಟೀಲ್ ಲೋಟವನ್ನು ಅಂಗೈಯಲ್ಲಿ ಪೂರ್ತಿ ಸುತ್ತಿ ಹಿಡಿದು ಮಾತು ಮುಂದುವರಿಸಿದೆ.

"ನಮ್ಮ ಅಬ್ಬಾ ರೇಷ್ಮೆ ಗೂಡಿನ ಎಳೆ ತೆಗೀತಿದ್ರು. ದಿನಾ ಕುದಿಯೋ ನೀರಲ್ಲಿ ಕೈ. ಬೆರಳ ತುದಿಯೆಲ್ಲ ಸತ್ತೋಗಿತ್ತು. ನನಗೆ ಏಳು ವರ್ಷ ಇದ್ದಾಗ ಮೈ ಸುಡ್ತಾ ಮಲಗಿದ್ದೆ. ಅಬ್ಬಾ ಹಣೆ ಮೇಲೆ ಕೈ ಇಟ್ಟು, ಏನೂ ಇಲ್ಲ, ತಣ್ಣಗಿದೆ ಅಂದ್ರು. ಅವರ ಕೈಗೆ ಗೊತ್ತೇ ಆಗ್ಲಿಲ್ಲ. ರಾಜ್ಯಗಳು ಹಿಂಗೇ ಹೋಗೋದು. ಊರಿಗೆ ಜ್ವರ ಬಂದಿರತ್ತೆ, ದೊರೆ ಹಣೆ ಮುಟ್ಟಿ ತಣ್ಣಗಿದೆ ಅಂತಾನೆ. ಹತ್ತುಸ ಸುಟ್ಟಾಗ ಊರಲ್ಲಿ ಜನಾನೇ ಇರ್ಲಿಲ್ಲ, ಮೊದಲೇ ಎದ್ದು ಹೋಗಿದ್ರು. ಮೂರು ಸಾವಿರ ವರ್ಷ ಅವರ ಹೆಸರು ಹೇಳೋರೂ ಇರ್ಲಿಲ್ಲ. ಬಿದ್ರಪ್ಪ."

ನಾನು ಡಸ್ಟರ್ ಕೆಳಗಿಟ್ಟೆ. ಖಾಲಾ ತಟ್ಟೆ ಹಿಡಿದುಕೊಂಡೇ ನಿಂತಿದ್ದರು. ಸರ್ ಕೈಯಲ್ಲಿ ಹೊಸ ಪೆನ್ನು ಇತ್ತು, ಆದರೆ ಕಾಗದ ಖಾಲಿ. ಅವರು ನನ್ನ ಕೈಯಲ್ಲಿದ್ದ ಲೋಟವನ್ನು ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಬರೆದು ಕೊಟ್ಟರು. 'ಅಬ್ಬಾ ವಿಷಯ ಯಾರು ಹೇಳಿದ್ದು?'

ಯಾರೂ ಹೇಳಿರಲಿಲ್ಲ. ಜ್ವರದ ಕತೆ ಗೊತ್ತಿದ್ದದ್ದು ಪ್ರಪಂಚದಲ್ಲಿ ಇಬ್ಬರಿಗೆ, ಸರ್‌ಗೆ ಮತ್ತು ಖಾಲಾಗೆ. ಖಾಲಾ ತಾವು ಬಾಯಿ ಬಿಟ್ಟಿಲ್ಲ ಎಂದು ಆಣೆ ಮಾಡಿದರು. ವನಜಾ ಮಾತ್ರ ಧೈರ್ಯವಾಗಿ, "ಎಲ್ಲೋ ಯೂಟ್ಯೂಬಲ್ಲಿ ನೋಡಿರ್ತೀಯ ಕಣೋ" ಎಂದಳು. ಹಿಟ್ಟೈಟರನ್ನು ನೋಡಿರಬಹುದು, ನಿದ್ದೆಗಣ್ಣಲ್ಲಿ ಯಾವುದೋ ವಿಡಿಯೋ ಓಡಿರಬಹುದು, ಒಪ್ಪುತ್ತೇನೆ. ಸರ್ ಹಣೆ ಮುಟ್ಟಿದ ಅವರ ಅಪ್ಪನ ಕೈ ಯಾವ ಚಾನೆಲ್ಲಿನಲ್ಲಿ ಬರುತ್ತದೆ? ನನ್ನ ಅಂಗೈಯಲ್ಲಿ ಒಂದು ಬೊಬ್ಬೆಯೂ ಇರಲಿಲ್ಲ.

ಅದಕ್ಕಿಂತ ಕೆಟ್ಟದ್ದು ಮನೆಯಲ್ಲಿ ಆಯಿತು. ಅವತ್ತು ಸಂಜೆಯವರೆಗೂ ನನ್ನ ದನಿ ವಾಪಸ್ ಬರಲಿಲ್ಲ. ಅಮ್ಮನಿಗೆ 'ಚಟ್ನಿ ಹಾಕು' ಎಂದರೆ ಅರವತ್ತೈದು ವರ್ಷದ ಮೇಷ್ಟರೊಬ್ಬರು ಚಟ್ನಿ ಕೇಳಿದ ಹಾಗಿತ್ತು. ಅಮ್ಮ ಸೌಟು ತೋರಿಸಿ, "ಏಮಿರಾ, ಪಿಚ್ಚಿ ಪಟ್ಟಿಂದಾ?" ಎಂದಳು. ಹುಚ್ಚು ಹಿಡಿದಿಲ್ಲ ಎಂದು ಹೇಳಲು ಹೋದರೆ ಅದೂ ಸರ್ ದನಿಯಲ್ಲೇ ಬಂತು. ಜನ್ಮವಿಡೀ ಬೇರೆಯವರ ದನಿ ಕದ್ದವನು, ಅವತ್ತು ಅಡುಗೆಮನೆಯಲ್ಲಿ ನಿಂತು ನನ್ನ ಬಡಕಲು ದನಿಗಾಗಿ ಅಳುವುದೊಂದು ಬಾಕಿ.

ಮಾರನೆಯ ದಿನ ಖಾಲಾ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿದರು. ಅವರ ಮುಖದಲ್ಲಿ ನಗು ಇರಲಿಲ್ಲ. "ಇವರ ಗಂಟಲು ಬಂದು ನಿನ್ನ ಹತ್ರ ಕೂತಿದೆ ಬೇಟಾ. ನೀನು ಅದನ್ನ ದಿನಾ ಆಡಿಸ್ತಿದ್ರೆ ಅದು ಯಾಕೆ ವಾಪಸ್ ಹೋಗುತ್ತೆ? ಅವರಿಗೆ ವಾಪಸ್ ಕೊಟ್ಬಿಡು." ದನಿ ವಾಪಸ್ ಕೊಡುವುದು ಹೇಗೆ ಎಂದು ಯಾವ ಪುಸ್ತಕದಲ್ಲೂ ಇಲ್ಲ. ನನಗೆ ಹೊಳೆದದ್ದು ಒಂದೇ. ಡಾಕ್ಟರು ಹೇಳಿದ ತಿಂಗಳು ಮುಗಿಯುವವರೆಗೆ ನಾನೂ ಬಾಯಿ ಮುಚ್ಚಿದೆ. ಚೀಟಿಗಳನ್ನು ವನಜಾ ತನ್ನ ದನಿಯಲ್ಲೇ ಓದಿದಳು, ನಾವು ಕಣ್ಣಿಗೆ ನೀರು ಹಾಕಿಕೊಂಡು ಕೇಳಿದೆವು. ಒಬ್ಬರೂ ಕ್ಲಾಸು ಬಿಡಲಿಲ್ಲ. ಇಪ್ಪತ್ತೊಂದು ದಿನ ನಾನು ಮಾತಾಡಲಿಲ್ಲ ಎಂದರೆ ನಮ್ಮೂರಿನಲ್ಲಿ ಈಗಲೂ ಯಾರೂ ನಂಬುವುದಿಲ್ಲ. ಅಮ್ಮ ಮಾತ್ರ ನಂಬುತ್ತಾಳೆ. ಆ ದಿನಗಳನ್ನು ಬಹಳ ಪ್ರೀತಿಯಿಂದ ನೆನೆಯುತ್ತಾಳೆ.

ತಿಂಗಳು ಮುಗಿದ ಬೆಳಿಗ್ಗೆ ಸರ್ ಬೋರ್ಡಿನ ಮುಂದೆ ನಿಂತರು. ಖಾಲಾ ಬಾಗಿಲಲ್ಲಿ ನಿಂತು ಸೆರಗಿನ ತುದಿ ಹಿಡಿದುಕೊಂಡಿದ್ದರು. ಸರ್ ಬಾಯಿ ತೆರೆದರು, ಏನೂ ಬರಲಿಲ್ಲ. ಮತ್ತೆ ತೆರೆದರು. ಅರ್ಧ ಗಾಳಿ, ಅರ್ಧ ದನಿ, ಎಲ್ಲೋ ಸೀಳು ಬಿಟ್ಟ ಕೊಳಲಿನ ಹಾಗೆ ಸಣ್ಣಗೆ, "ಎದ್ರಪ್ಪ" ಎಂದು ಬಂತು. ಎದ್ದದ್ದು ಯಾವ ಸಾಮ್ರಾಜ್ಯವೋ ಯಾರಿಗೂ ನೆನಪಿಲ್ಲ, ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದೆವು. ಅಂದಿನಿಂದ ಅವರದ್ದು ಅದೇ ಸಣ್ಣ ದನಿ. ಹಳೆಯದು ಬರುವುದಿಲ್ಲ ಎಂದು ಡಾಕ್ಟರು ಆಮೇಲೆ ಖಚಿತವಾಗಿ ಹೇಳಿದರು. ಅಂಗಿಗೆ ಸಿಕ್ಕಿಸಿಕೊಳ್ಳುವ ಒಂದು ಮೈಕು ಬಂತು, ಕ್ಲಾಸು ನಡೆಯಿತು. ವನಜಾ ಪಾಸಾಗಿ ಈಗ ಗೌರಿಬಿದನೂರಿನಲ್ಲಿ ಕೆಲಸದಲ್ಲಿದ್ದಾಳೆ. ನಾನು ಪಾಸಾಗಲಿಲ್ಲ. ಹಿಟ್ಟೈಟರ ಮೇಲೆ ಒಂದು ಪ್ರಶ್ನೆಯೂ ಬಂದಿರಲಿಲ್ಲ.

ಆ ಬೆಳಿಗ್ಗೆ ನನ್ನ ಬಾಯಿಂದ ಮಾತಾಡಿದ್ದು ಯಾರು ಎಂಬುದು ನನಗೆ ಇವತ್ತಿಗೂ ತಿಳಿಯದು. ಆಮೇಲೆ ಎಷ್ಟೋ ಸಲ ಬಾಗಿಲು ಹಾಕಿಕೊಂಡು ಪ್ರಯತ್ನಿಸಿದ್ದೇನೆ. ಸರ್ ಅವರ ಹಳೆಯ ದನಿ ಹಾಗೇ ಬರುತ್ತದೆ, ಅದೇ ಕಬ್ಬಿಣದ ಪೆಟ್ಟಿಗೆ. ಆದರೆ ಅದರೊಳಗೆ ಮಾತಾಡುವವನು ಬರೀ ನಾನು.

ಕಳೆದ ರಂಜಾನ್ ಹಬ್ಬಕ್ಕೆ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಸರ್ ನೀರು ಬೇಕೆಂದು ಎರಡು ಸಲ ಕೂಗಿದರೂ ಒಳಗೆ ಖಾಲಾಗೆ ಕೇಳಿಸಲಿಲ್ಲ. ಖಾಲಾ ಬಂದು ಬಡಿಸಲು ನಿಂತಾಗ, ತಮಾಷೆಗಲ್ಲ, ಮನಸಾರೆ ಹೇಳಿದೆ. "ಖಾಲಾ, ಸರ್ ಹಳೇ ದನಿ ನನ್ನ ಹತ್ರ ಭದ್ರವಾಗಿದೆ. ಯಾವಾಗ ಕೇಳ್ಬೇಕು ಅನ್ಸುತ್ತೋ ಹೇಳಿ, ಬಂದು ಕೇಳಿಸಿ ಹೋಗ್ತೀನಿ." ಸರ್ ಕೂಡ ತುತ್ತು ಕೈಯಲ್ಲೇ ಹಿಡಿದು ಹೆಂಡತಿಯ ಮುಖ ನೋಡಿದರು.

ಖಾಲಾ ಬಿರಿಯಾನಿ ತಟ್ಟೆಗೆ ಹಾಕುತ್ತಾ ತಲೆ ಎತ್ತದೆ ಹೇಳಿದರು.

"ನಕ್ಕೋ ಬೇಟಾ, ಬೇಡ. ಆ ದನಿ ಮೂವತ್ತೆಂಟು ವರ್ಷ ಈ ಮನೇನ ಆಳಿದೆ. ಈಗ ತಾನೆ ಬಿದ್ದಿದೆ, ನೀನು ಎತ್ತಿ ನಿಲ್ಲಿಸ್ಬೇಡ."